ಕೆಂಪು ದಾರದ ಏಡಿ

ನಮ್ಮ ಯಜಮಾನರ ಹೆಸರು ಕೆಂಪಯ್ಯ. ಇದ್ದಾಗ ಬಾಯಿಬಿಟ್ಟು ಹೇಳಿದೋಳಲ್ಲ, ಈಗ ಬರೀತೀನಿ. ಅಮೃತೂರು ಕೆರೆಯ ನೀರುಗಂಟಿ, ತೂಬು ತೆಗೆದು ಗದ್ದೆಗೆ ನೀರು ಬಿಡೋ ಕೆಲಸ. ಬದು ತೂತು ಮಾಡೋ ಏಡಿ ಕಂಡರೆ ಸಿಟ್ಟು, ಅದೇ ಏಡಿ ಸಾರಲ್ಲಿ ಕಂಡರೆ ಪ್ರೀತಿ. ಒಂದೊಂದು ಕಾಲನ್ನೂ ಕರ್ ಕರ್ ಅಂತ ಕಡಿದು, ಬಿಟ್ಟು ಬಿಟ್ಟು ಚೀಪೋರು.

ತುಮಕೂರು ಶೆಟ್ಟಿಹಳ್ಳಿಯಿಂದ ವನಜಾಕ್ಷಿ ಅಂತ ಕಾಲೇಜು ಹುಡುಗಿ ಬಂದ್ಲು. ಏಡಿ ಚಿಪ್ಪು ಕಳಚಿದಾಗ ಎಷ್ಟು ಬೆಳೆಯುತ್ತೆ ಅಂತ ಅಳೀಬೇಕಂತೆ. ಅವಳು ಅಳೆದ ಏಡಿಗೆ, ಬೆನ್ನ ಚಿಪ್ಪು ಬಾಯಿಬಿಡೋ ಸಂದಿಯಲ್ಲಿ ಕೆಂಪು ನೈಲಾನ್ ದಾರ ಪೋಣಿಸಿ ಗಂಟು ಹಾಕಿ, ಹಿಡಿದ ಬಿಲಕ್ಕೇ ಬಿಡೋದು ಇವರ ಪಾಲಿಗೆ ಬಂತು.

“ಅಂಗಿ ಬಿಚ್ಚಿ ಎಸೆದ ಮೇಲೆ ಗುಂಡಿ ಮೈಮೇಲೆ ಉಳೀತದೇನವ್ವ?” ಅಂತ ರೇಗಿಸೋರು.

“ದಾರ ಮಾಂಸಕ್ಕೆ ಹಿಡಿದಿರುತ್ತೆ ತಾತ. ನೋಡ್ತಿರಿ.”

“ನೋಡೇ ಸಾಯ್ತೀನಿ ಬುಡು.”

ನೋಡಲಿಲ್ಲ. ಯುಗಾದಿ ಕಳೆದು ವಾರಕ್ಕೆ ಎದೆ ಹಿಡ್ಕೊಂಡು ತೂಬಿನ ಹತ್ತಿರ ಕೂತೋರು ಏಳಲಿಲ್ಲ.

ಮಾರ್ನಮಿ ಅಮಾಸೆಗೆ ನಮ್ಮಲ್ಲಿ ಸತ್ತೋರಿಗೆ ಇಷ್ಟವಾದದ್ದನ್ನೇ ಮಾಡಿ ಎಡೆ ಇಡೋದು. ಏಡಿ ಇಲ್ಲದಿದ್ದರೆ ಹಸಿದುಕೊಂಡೇ ಹೋಗ್ತಾರಲ್ಲ ಅಂತ ನನಗೆ ಸಂಕಟ. ಮೈದುನ ಅನಂತರಾಜು ಬೆಳಗಿಂದ ಬದುವೆಲ್ಲ ಕೆದಕಿ ಒಂದೇ ಒಂದು ತಂದ. ಬಕೆಟ್ಟಿಗೆ ಬಗ್ಗಿದೆ. ಬೆನ್ನ ಹಿಂದೆ ಕೆಂಪು ದಾರ. ಇವರದೇ ಗಂಟು.

“ಇದನ್ನ ನಾನು ಮುರಿಯಲ್ಲ ಕಣೋ ರಾಜು.”

“ಮತ್ತೆ ಅಣ್ಣ ಬಂದು ಏನು ದಾರ ತಿಂತಾನಾ ಅತ್ಗೆ?”

ಖಾರ ಅರೆದು ಬರೀ ಸಾರು ಕಾಯಿಸಿದೆ. ಎಲೆಗೆ ಬಡಿಸಿ, ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ, ಇಬ್ಬರೂ ಜಗಲಿ ಮೇಲೆ ಕೂತ್ವಿ. ಬಕೆಟ್ ಒಳಗೇ ಉಳೀತು.

ಒಳಗಿಂದ ಕರ್ ಕರ್ ಅಂತು. ನಿಂತಿತು. ಮತ್ತೆ ಕರ್ ಕರ್.

“ಬಂದವ್ನೆ ಅತ್ಗೆ,” ಅಂದ ರಾಜು, ಮೆತ್ತಗೆ.

“ಏಡಿ ಕಣೋ,” ಅಂದೆ. ಅಂದೆ ಅಷ್ಟೇ, ಎದ್ದು ಬಾಗಿಲು ತೆಗೆಯೋಕೆ ಕೈ ಬರಲಿಲ್ಲ.

ಸದ್ದು ಪೂರ್ತಿ ನಿಂತ ಮೇಲೆ, ಒಳಗಿದ್ದೋರಿಗೆ ತಿಳೀಲಿ ಅಂತ ಕೆಮ್ಮಿ ಬಾಗಿಲು ತೆಗೆದೆ. ಎಲೆ ಇಟ್ಟಂಗೇ ಇತ್ತು. ಬಕೆಟ್ಟಲ್ಲಿ ಎರಡು ಏಡಿ. ಒಂದಕ್ಕೆ ಕಣ್ಣು, ಕಾಲು ಎಲ್ಲಾ ಇದೆ, ಒಳಗೆ ಏನೂ ಇಲ್ಲ. ಇನ್ನೊಂದು ಮೆತ್ತಗೆ, ಅದಕ್ಕಿಂತ ದೊಡ್ಡದು, ಸುಸ್ತಾಗಿ ಬಿದ್ದಿತ್ತು. ಕೆಂಪು ದಾರ ಅದರ ಮೈಮೇಲೆ.

ಗಟ್ಟಿಯಾಗೋವರೆಗೂ ಮುಟ್ಟಬಾರದು, ಆಮೇಲೆ ಅಳೀಬೇಕು ಅಂತ ವನಜಾಕ್ಷಿ ಹೇಳಿದ್ಲು. ಮುಟ್ಟಲಿಲ್ಲ. ಖಾಲಿ ಚಿಪ್ಪನ್ನ ಎರಡೂ ಕೈಯಲ್ಲಿ ಎತ್ತಿ ಎಲೆ ಮೇಲೆ, ಸಾರಿನ ಪಕ್ಕ ಇಟ್ಟೆ. ಬಕೆಟ್ಟನ್ನ ಎಲೆ ಮುಂದಕ್ಕೆ ಸರಿಸಿದೆ.

“ನೋಡ್ಕೊಳ್ಳಿ,” ಅಂದು ಮತ್ತೆ ಬಾಗಿಲು ಮುಚ್ಚಿದೆ.