ಬೀರಪ್ಪನ ಫೋಲ್ಡರಿನ್ಯಾಗ ನನ್ನ ಸೀರಿ ಹಾಡು

ಇಳಕಲ್ಲಿನ ಅಂಗಡ್ಯಾಗ ಹೆಂಡತಿ ಸೀರಿ ಆರಿಸೂತನಕ ಗಂಡ ಕಾಯೂ ಪಾಡಿನ ಮ್ಯಾಲೆ ನಾನೇ ಒಂದು ಹಾಡು ಕಟ್ಟಿ, ಡೊಳ್ಳು ಬಾರಿಸಿ, ರೆಕಾರ್ಡ್ ಮಾಡಿಸಿದ್ದೆ. ಆಗೆಲ್ಲ ನಮ್ಮಂಥವರ ಹಾಡು ಮಂದಿಗೆ ಮುಟ್ಟಬೇಕಂದ್ರ ಮೊಬೈಲ್ ಅಂಗಡಿಯವರು ಅದನ್ನ ಮೆಮರಿ ಕಾರ್ಡಿಗೆ ತುಂಬಬೇಕಿತ್ತು. ಹುನಗುಂದದ ಅಂಗಡಿಯವ ಕೇಳಿದ, "ಯಾವ ಪಿಕ್ಚರಿಂದ್ರಿ?"

"ಯಾವುದೂ ಅಲ್ಲ, ನನ್ನ ಸ್ವಂತದ್ದು."

"ಹಂಗಾದ್ರ ಎಲ್ಲಿ ಹಾಕ್ಲಿ?" ಅಂದು ಹಾಡನ್ನ ಸ್ವಲ್ಪ ಹಚ್ಚಿ ಕೇಳಿದ. ಡೊಳ್ಳಿನ ಸಪ್ಪಳ ಬಂದ ಕೂಡಲೇ, ಕುರುಬರ ದೇವರು ಬೀರಪ್ಪನ ಡೊಳ್ಳಿನ ಪದಗಳ ಫೋಲ್ಡರಿಗೆ ಹಾಕಿಬಿಟ್ಟ. ಇನ್ನ ಇದನ್ನ ಯಾರೂ ಕೇಳೂದಿಲ್ಲ ಅಂದ್ಕೊಂಡು ನಾ ಸಪ್ಪಗಾಗಿ ಮನಿಗೆ ಬಂದೆ.

ಕೆಲವು ತಿಂಗಳ ಮ್ಯಾಲೆ ಬಾದಾಮಿ ಬಸ್ಸಿನ್ಯಾಗ ಬಾಜೂಕ ಕುಂತ ಹಿರಿಯಾನ ಮೊಬೈಲಿನ್ಯಾಗ ನನ್ನ ದನಿ ಕೇಳಿತು. ಹೆಗಲ ಮ್ಯಾಲೆ ಕಂಬಳಿ ಹಾಕ್ಕೊಂಡಿದ್ದ ಆತ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಕೇಳಾಕತ್ತಿದ್ದ. ನನಗ ಭಾಳ ಮುಜುಗರ ಆತು.

"ಯಜಮಾನ್ರ, ಇದು ದೇವರ ಹಾಡಲ್ರಿ. ಸೀರಿ ಅಂಗಡೀದು. ಹಾಡಿದಾಂವ ನಾನ."

ಆತ ಕಣ್ಣು ತೆರೆದು ನನ್ನ ಮಾರಿ ನೋಡಿದ. "ಅಷ್ಟೂ ತಿಳಿಯಂಗಿಲ್ಲೇನು ನನಗ? ಬೀರಪ್ಪಗೂ ಹೆಂಡತಿ ಇದ್ದಾಳ. ಅಕೀಗೂ ಸೀರಿ ಬೇಕಲ್ಲ?" ಅಂದು ಹಾಡನ್ನ ಮತ್ತ ಮೊದಲಿಂದ ಹಚ್ಚಿದ. ಹಿಂದಿನ ಸೀಟಿನವರು, "ಸ್ವಲ್ಪ ಜೋರ ಮಾಡ್ರಿ" ಅಂದ್ರು.

ಬಾದಾಮಿ ಬರೂತನಕ ನಾನೂ ಕೇಳಿದೆ. ನನ್ನ ಹಾಡು ನನಗ ಅವತ್ತ ಚಂದ ಅನಿಸಿತು.

ಮುಂದಿನ ಹಾಡು ಹಿಟ್ಟಿನ ಗಿರಣಿ ಮ್ಯಾಲೆ ಕಟ್ಟಿದೆ. ಯಾವ ಪಿಕ್ಚರಿಂದು ಅಂತ ಅಂಗಡಿಯವ ಕೇಳೂದ್ರಾಗ, ಬೀರಪ್ಪನ ಫೋಲ್ಡರಿಗೇ ಹಾಕು ಅಂದೆ.