ಇಪ್ಪತ್ತನಾಲ್ಕು ಅಕ್ಷರದ ಸಾಲು

ಮೊನ್ನೆ ಹಾವೇರಿಯ ನಮ್ಮ ಮನೆಯ ಕಿಟಕಿಗೆ ಬಣ್ಣ ಹೊಡೆಸುತ್ತಿದ್ದೆ. ಪೇಂಟರ್ ಕಪ್ಪು ಬಣ್ಣಕ್ಕೆ ಸೀಮೆಎಣ್ಣೆ ಕಲಸಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಚಹಾ ಬೇಡವೆನಿಸಿತು. ಚೀಟಿ ಚಾಚಾ ನೆನಪಾದರು...

ಆಗ ನಾನು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೆ. ದಿನಾ ರಾಣೇಬೆನ್ನೂರಿನಿಂದ ಓಡಾಟ. ರೈತರು ತಂದಿಟ್ಟ ಮೆಣಸಿನಕಾಯಿ ಚೀಲಗಳಿಗೆ ಹೆಸರು, ಊರಿನ ಬಟ್ಟೆಚೀಟಿ ಬರೆದುಕೊಡುವುದು ಚಾಚಾರ ಕೆಲಸ. ಸೀಮೆಎಣ್ಣೆ ಬೆರೆಸಿದ ಬಣ್ಣದಲ್ಲಿ ಕುಂಚ ಅದ್ದಿ ಎಷ್ಟು ಉದ್ದದ ಹೆಸರನ್ನಾದರೂ ಒಂದೇ ಸಾಲಿನಲ್ಲಿ ಕೂಡಿಸುತ್ತಿದ್ದರು. ಚೀಲ ಹೊರಹೋಗುವಾಗ ಗೇಟಿನಲ್ಲಿ ನಿಂತು ಚೀಟಿ ನೋಡುವವರೂ ಅವರೇ.

ಸಾವ್ಕಾರರು ಚೀಟಿ ಮುದ್ರಿಸುವ ಯಂತ್ರ ತಂದರು. ನಾನು ಅದಕ್ಕೊಂದು ಸಣ್ಣ ಪ್ರೋಗ್ರಾಂ ಬರೆದೆ. ಸಾಲಿಗೆ ಇಪ್ಪತ್ತನಾಲ್ಕು ಅಕ್ಷರ ಎಂದು ಅಗಲ ಕೊಟ್ಟರೆ ಸಾಕು, ಹಿಡಿಯದ ಪದವನ್ನು ನಡುವೆ ಕತ್ತರಿಸದೆ ಕೆಳಗಿನ ಸಾಲಿಗೆ ಇಳಿಸುತ್ತಿತ್ತು. ಅಕ್ಷರ ದಪ್ಪ, ಚೀಟಿ ಚೆಂದ. ಹೆಮ್ಮೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಚಾಚಾ ಮೊದಲ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬೇಟಿ, ಹೆಸರು ಊರು ಒಂದೇ ಸಾಲಿನ್ಯಾಗ ಇರ್ಲಿ. ಕೆಳಗ ಏನೂ ಬರೀಬಾರ್ದು."

"ಯಾಕ ಚಾಚಾ?"

"ನಮ್ಮ ಉಸ್ತಾದ್ ಹಂಗ ಕಲಿಸ್ಯಾರ" ಎಂದರು. ನಾನು ನಕ್ಕುಬಿಟ್ಟೆ.

ಆ ವರ್ಷ ಒಂದೇ ಹೆಸರಿನ ಇಬ್ಬರು ರೈತರು ಚೀಲ ಇಟ್ಟಿದ್ದರು. ಅವರ ಅಪ್ಪಂದಿರ ಹೆಸರೂ ಒಂದೇ. ಒಬ್ಬರು ದೇವರಗುಡ್ಡದವರು, ಇನ್ನೊಬ್ಬರು ಕುಪ್ಪೇಲೂರಿನವರು. ದೇವರಗುಡ್ಡದವರ ಮಾಲು ಪುಡಿ ಮಾಡುವ ಗಿರಣಿಗೆ ಹೊರಟಾಗ ಕುಪ್ಪೇಲೂರಿನವರ ಎರಡು ಚೀಲವೂ ಜೊತೆಗೆ ಹೋದವು. ಅದರಲ್ಲಿದ್ದದ್ದು ಬೀಜಕ್ಕೆಂದು ಆರಿಸಿಟ್ಟ ಕಾಯಿ, ಅವರ ತಾಯಿಯ ಕಾಲದಿಂದ ಕಾಪಾಡಿಕೊಂಡು ಬಂದ ತಳಿ. ಗೊತ್ತಾಗುವಷ್ಟರಲ್ಲಿ ಎಲ್ಲ ಪುಡಿಯಾಗಿತ್ತು. ಕುಪ್ಪೇಲೂರಿನವರು ಬಂದು ಆಫೀಸಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಸಾವ್ಕಾರರು ನನ್ನ ಕಡೆ ತಿರುಗಿದರು. ನಾನು ಕಂಪ್ಯೂಟರಿನಲ್ಲಿದ್ದ ಪ್ರತಿ ತೆರೆದು, "ಚೀಟಿ ಸರಿ ಅದರಿ. ಊರು ಎರಡನೇ ಸಾಲಿನ್ಯಾಗ ಅದ, ನೋಡ್ರಿ" ಎಂದೆ.

ಚಾಚಾ ಪರದೆಯ ಹತ್ತಿರ ಬಗ್ಗಿ ನೋಡಿದರು. "ಹೌದಲ್ಲ... ನನಗ ಕಾಣಲೇ ಇಲ್ಲರಿ ಸಾವ್ಕಾರ್ರ. ಕಣ್ಣು ಹೋದುವು ಅನಸ್ತದ." ಅಷ್ಟು ಹೇಳಿ ಗೇಟಿನ ಕೀಲಿಕೈ ಮೇಜಿನ ಮೇಲಿಟ್ಟು ಹೋದರು.

ಎರಡು ದಿನದ ಮೇಲೆ ಗಿರಣಿಯಿಂದ ಖಾಲಿ ಚೀಲ ಬಂದವು. ಹಮಾಲರು ಚೀಲದ ಬಾಯಿ ಹೊಲಿಯುವಾಗ ಚೀಟಿಯ ಕೆಳಗಿನ ಅರ್ಧವನ್ನು ಒಳಗೆ ಮಡಚಿ ಹೊಲಿದಿದ್ದರು. ಎಂದಿನಿಂದಲೂ ಹಾಗೆಯೇ ಹೊಲಿಯುತ್ತಿದ್ದರಂತೆ! ಊರಿನ ಹೆಸರು ಹೊಲಿಗೆಯೊಳಗೆ ಹೋಗಿತ್ತು. ಎಂಥ ಕಣ್ಣಿದ್ದರೂ ಅದು ಕಾಣುವಂತಿರಲಿಲ್ಲ. ಕೆಳಗೆ ಏನೂ ಬರೆಯಬಾರದು ಎಂದು ಉಸ್ತಾದರು ಯಾಕೆ ಕಲಿಸಿದ್ದರೆಂದು ಆಗ ತಿಳಿಯಿತು.

ಆ ಚೀಟಿಗಳನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಇಪ್ಪತ್ತನಾಲ್ಕು ಇದ್ದಲ್ಲಿ ನಲವತ್ತು ಎಂದು ತಿದ್ದಿದೆ, ಅಕ್ಷರ ಸಣ್ಣದು ಮಾಡಿದೆ. ಯಾರಿಗೂ ಹೇಳಲಿಲ್ಲ. ಹೊಸ ನೌಕರಿ, ಹೆದರಿಕೆ... ನೆಪಗಳಿಗೇನು ಬರ? ಚಾಚಾರಿಗೆ ಎಲ್ಲ ಗೊತ್ತು, ನನ್ನನ್ನು ಉಳಿಸಲಿಕ್ಕೇ ಹಾಗೆಂದರು ಎಂದು ನನಗೆ ನಾನೇ ಹೇಳಿಕೊಂಡೆ. ಇಷ್ಟು ವರ್ಷ ಅದನ್ನೇ ನಂಬಿ ಹಾಯಾಗಿದ್ದೆ.

ಬಣ್ಣದ ವಾಸನೆ ಬಂದ ಮರುದಿನವೇ ಬ್ಯಾಡಗಿಗೆ, ಚಾಚಾರ ಮನೆಗೆ ಹೋದೆ. ಬಾಗಿಲು ತೆರೆದದ್ದು ಅವರ ಮಗಳು.

"ಅಬ್ಬಾ ತೀರಿಕೊಂಡು ಎರಡು ವರ್ಷ ಆತ್ರಿ. ಬರ್ರಿ, ಕುಂದ್ರಿ."

ಚಹಾ ಕೊಟ್ಟು ತಾನಾಗಿಯೇ ಹೇಳಿದಳು. "ಕೆಲಸಾ ಬಿಟ್ಟ ಮ್ಯಾಲೆ ಕುಂಚ ಮುಟ್ಟಲೇ ಇಲ್ಲರಿ. ಕಣ್ಣಿನ ಡಾಕ್ಟರ್ ಕಡೆ ಮೂರು ಸಲ ಕರ್ಕೊಂಡು ಹೋದ್ವಿ. ಕಣ್ಣು ಚಲೋ ಅದಾವ ಅಂದ್ರು, ಅಬ್ಬಾ ನಂಬಲಿಲ್ಲ. ನನ್ನ ಕಣ್ಣಿನಿಂದ ಒಬ್ಬರ ಬೀಜ ಹೋತು ಅಂತಿದ್ರು, ಕಡೀತನಕ."

ಅಂದರೆ ಅವರಿಗೆ ಏನೂ ಗೊತ್ತಿರಲಿಲ್ಲ. ನನ್ನ ಮಾತನ್ನು ನಂಬಿದ್ದರು.

ನಾನು ಎಲ್ಲವನ್ನೂ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಚಹಾದ ಖಾಲಿ ಕಪ್ ಎತ್ತಿಕೊಂಡಳು.

"ಇದನ್ನ ಅಬ್ಬಾಗ ಹೇಳಬೇಕಿತ್ರಿ" ಎಂದಳು.