ಬ್ರೆಡ್ ಕಾಯಿಸಿದವನು ನಾನು

ಸುಮಾ, ಆ ದಿನ ಸ್ಯಾಂಡ್‌ವಿಚ್ ಮಾಡಿದವನು ನಾನು. ಅವ್ವ ಕೇಳಿದಾಗ ನಿನ್ನ ಹೆಸರು ಹೇಳಿದವನೂ ನಾನೇ. ನಿನಗೆ ಇದು ಗೊತ್ತು — ನೀನು ಅಲ್ಲೇ ನಿಂತಿದ್ದೆ. ಆದರೂ ನನ್ನ ಬಾಯಿಂದ ಒಮ್ಮೆಯೂ ಬಂದಿಲ್ಲವಲ್ಲ, ಇಷ್ಟು ವರ್ಷವಾದರೂ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಮದುವೆಯಾದ ಹೊಸತು. ನಿನಗೆ ಗುಂಡ್ಲುಪೇಟೆಯ ಕಚೇರಿಯೊಂದರಲ್ಲಿ ಟೈಪಿಸ್ಟ್ ಕೆಲಸ; ಏಳು ಗಂಟೆಯ ಬಸ್ಸು. ನನಗೆ ಚಾಮರಾಜನಗರದಲ್ಲೇ ಅರಿಸಿನದ ಮಂಡಿಯಲ್ಲಿ ಗುಮಾಸ್ತಿಕೆ, ಹತ್ತು ಗಂಟೆಗೆ ಹೋದರಾಯಿತು. ನೀನು ಖಾಲಿ ಹೊಟ್ಟೆಯಲ್ಲಿ ಓಡುವುದನ್ನು ನೋಡಲಾರದೆ ಒಂದು ಬೆಳಿಗ್ಗೆ ನಾನೇ ಒಲೆ ಹಚ್ಚಿದೆ. ಬೇಕರಿಯ ಬ್ರೆಡ್ಡು, ಸೌತೆಕಾಯಿ, ಟೊಮೆಟೊ, ಕೊತ್ತಂಬರಿ ಚಟ್ನಿ. ದೋಸೆಕಲ್ಲಿಗೆ ತುಪ್ಪ ಸವರಿ ಎರಡು ಕಡೆಯೂ ಕಾಯಿಸಿದರೆ ಹತ್ತು ನಿಮಿಷದ ಕೆಲಸ. ಆಮೇಲೆ ಅದೇ ರೂಢಿಯಾಯಿತು. ಕಿಟಕಿಯಿಂದ ಇಳಿಯುವ ಹಬೆಯಂಥ ಬೆಳಕು, ನಿನ್ನ ಒದ್ದೆ ಕೂದಲಿನ ಸೀಗೆಯ ವಾಸನೆ, ನೀನು ಜಡೆ ಹೆಣೆಯುತ್ತಲೇ ಬಾಯಿ ತೆರೆಯುವುದು, ನಾನು ತುತ್ತಿಡುವುದು — ಆ ಬೆಳಗುಗಳು ನಿಜವಾಗಿ ನಡೆದವೋ, ನಾನು ಕಂಡ ಕನಸೋ ಎಂದು ಈಗ ಅನುಮಾನವಾಗುತ್ತದೆ.

ಮರುವರ್ಷ ಅವ್ವ ನಮ್ಮಕ್ಕನನ್ನು ಕರೆದುಕೊಂಡು ಊರಿಂದ ಬಂದಳು. ಬೆಳಿಗ್ಗೆ ನಾನು ಎಂದಿನಂತೆ ಮಾಡಿಟ್ಟು ಮುಖ ತೊಳೆಯಲು ಹೋಗಿದ್ದೆ. ವಾಪಸು ಬಂದಾಗ ಅವ್ವ ತಟ್ಟೆಯನ್ನೇ ನೋಡುತ್ತ ನಿಂತಿದ್ದಳು.

"ಇದೇನ್ಲಾ ಮಗ? ಜ್ವರ ಬಂದೋರು ತಿನ್ನ ಬ್ರೆಡ್ಡ ಯಾರ್ಲಾ ಮಾಡಿ ಮಡಗಿರದು?"

ನಾನು ಒಲೆ ಮುಂದೆ ನಿಂತೆನೆಂದರೆ ಅಕ್ಕ ಊರಿಗೆಲ್ಲ ಹೇಳಿ ನಗುತ್ತಾಳೆ — ನನ್ನ ತಲೆಗೆ ಬಂದದ್ದು ಅಷ್ಟೇ.

"ಅವಳೇ ಕಣವ್ವ," ಎಂದೆ.

ಅವ್ವ ನಿನ್ನ ಕಡೆ ತಿರುಗಿದಳು. "ನನ್ ಮಗನ್ಗ ಎರಡು ರಾಗಿಮುದ್ದ ಮಾಡಾಕೆ ನಿನ್ ಕೈಗೆ ಏನಾಗದಮ್ಮಿ? ನಿಮ್ಮವ್ವ ಇದ್ನೇ ಕಲ್ಸಿ ಕಳ್ಸಿದ್ದ?"

ನೀನು ಜಡೆಯನ್ನು ಅರ್ಧಕ್ಕೇ ಬಿಟ್ಟು ನನ್ನ ಮುಖ ನೋಡಿದೆ. ಏನಾದರೂ ಹೇಳುತ್ತೇನೆಂದು ಕಾದೆ. ನಾನು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದೆ — ಒರೆಸಲು ಏನೂ ಉಳಿಯದ ಮೇಲೂ. ನೀನು ತಿನ್ನದೆ ಬಸ್ಸಿಗೆ ಹೋದೆ.

ಮರುದಿನ ನಾನು ಏಳುವಷ್ಟರಲ್ಲಿ ಮುದ್ದೆ, ಸೊಪ್ಪಿನ ಸಾರು ಆಗಿತ್ತು. ಅವ್ವ ಊರಿಗೆ ಹೋದ ಮೇಲೂ ಹಾಗೇ. ಒಮ್ಮೆ ನಾನು ಬ್ರೆಡ್ಡು ತಂದು ಸೌತೆಕಾಯಿ ಹೆಚ್ಚಲು ಕೂತರೆ, "ಬುಡಿ, ನಾನೇ ಮಾಡ್ಕತೀನಿ," ಎಂದು ನೀನು ಮೆಲ್ಲಗೆ ಚಾಕು ತೆಗೆದುಕೊಂಡೆ. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ —

ಕೊನೆಗಾಲದಲ್ಲಿ ಅವ್ವ ನಮ್ಮಲ್ಲೇ ಹಾಸಿಗೆ ಹಿಡಿದಳು. ನೋಡಲು ಬಂದವರಿಗೆಲ್ಲ, "ಅವತ್ತು ನಾನು ಬಯ್ದಿದ್ಕೇ ಇವ್ಳು ಅಡ್ಗ ಕಲ್ತದ್ದು," ಎನ್ನುತ್ತಿದ್ದಳು. ನೀನು ಅವಳ ಬಾಯಿ ಒರೆಸುತ್ತಿದ್ದೆ. ನಾನೂ ಪಕ್ಕದಲ್ಲೇ ಇದ್ದೆ. ಆಗಲೂ ಒಂದು ಮಾತು ಸಾಕಿತ್ತು. ಆಡಲಿಲ್ಲ.

ಈಗ ಅವ್ವನಿಗೆ ಹೇಳಲಾಗದು. ನಿನ್ನೆ ಅಕ್ಕನಿಗೆ ಫೋನ್ ಮಾಡಿದೆ. ಮಾಡಿದ್ದು ನಾನು, ಸುಳ್ಳು ಹೇಳಿದ್ದೂ ನಾನು ಎಂದೆ. ಅವಳು ನಗಲಿಲ್ಲ. "ಇದ ಅವ್ವ ಇದ್ದಾಗ್ಲೇ ಯೋಳಕೆ ಏನಾಗಿತ್ಲಾ ನಿಂಗ?" ಎಂದು ಕೇಳಿದಳು.

ಅವಳಿಗೆ ಹೇಳಿದ್ದನ್ನೇ ಈಗ ನಿನಗೂ ಹೇಳುತ್ತಿದ್ದೇನೆ, ಸುಮಾ.